ಯುರೋಪಿನ ಯಾವ ಭಾಷೆ ಕಲಿಯೋದು? ಕನ್ನಡಿಗರಿಗೊಂದು ಹೋಲಿಕೆ

ತಂಗಿ ಮಗಳು ಪಿಯುಸಿಗೆ ಸೇರಿದಾಗ ಫ್ರೆಂಚ್ ತೆಗೆದುಕೊಂಡಳು. ಬೆಂಗಳೂರಿನ ಎಷ್ಟೋ ಮಕ್ಕಳ ಹಾಗೆ ಅವಳದ್ದೂ ಒಂದೇ ಕಾರಣ, ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ. ಒಂದು ತಿಂಗಳಾದ ಮೇಲೆ ಪುಸ್ತಕ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. "ದೊಡ್ಡಮ್ಮ, ಇದರಲ್ಲಿ ಬರೆಯೋದೊಂದು, ಓದೋದೊಂದು. ನಾನು ಜರ್ಮನ್ ತಗೋಬೇಕಿತ್ತಾ? ಸ್ಪ್ಯಾನಿಷ್ ಸುಲಭ ಅಂತಾರಲ್ಲ?"

ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ನಾನು ಜರ್ಮನ್ ಕಲಿತವಳು, ಆಮೇಲೆ ಸ್ಪ್ಯಾನಿಷ್‌ಗೂ ಕೈ ಹಾಕಿದವಳು. ಕೇಳಿದವರಿಗೆಲ್ಲ ಮೊದಲು ಹೇಳುವುದು ಇಷ್ಟು: ಇಂಟರ್ನೆಟ್ಟಿನಲ್ಲಿ ಸಿಗುವ "ಸುಲಭದ ಭಾಷೆ, ಕಷ್ಟದ ಭಾಷೆ" ಪಟ್ಟಿಗಳನ್ನು ಪಕ್ಕಕ್ಕಿಡಿ. ಅವು ಇಂಗ್ಲಿಷ್ ಮನೆಮಾತಿನವರಿಗಾಗಿ ಮಾಡಿದವು. ಅಮೆರಿಕದ ವಿದೇಶಾಂಗ ಇಲಾಖೆಗೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯೊಂದಿದೆ. ಅವರ ಪಟ್ಟಿಯಲ್ಲಿ ಸ್ಪ್ಯಾನಿಷ್, ಇಟಾಲಿಯನ್ ಸುಲಭದ ಗುಂಪಿನಲ್ಲಿವೆ. ರಷ್ಯನ್, ಫಿನ್ನಿಷ್, ಹಂಗೇರಿಯನ್ ಕಷ್ಟದ ಗುಂಪಿನಲ್ಲಿವೆ. ಆ ಕಷ್ಟದ ಗುಂಪಿನಲ್ಲೇ ತಮಿಳು, ತೆಲುಗು ಕೂಡ ಇವೆ! ಕನ್ನಡಿಗರಿಗೆ ತೆಲುಗು ಅಷ್ಟು ಕಷ್ಟವಾ? ಬಳ್ಳಾರಿಯಲ್ಲೋ ಕೋಲಾರದಲ್ಲೋ ಯಾರನ್ನಾದರೂ ಕೇಳಿ ನೋಡಿ.

ಆ ಪಟ್ಟಿ ಅಳೆಯುವುದು ಇಂಗ್ಲಿಷಿನಿಂದ ಇರುವ ದೂರವನ್ನು. ನಾವು ಹೊರಡುವುದು ಬೇರೆ ಊರಿನಿಂದ. ನಮ್ಮ ನಾಲಿಗೆಗೆ ತ ಬೇರೆ, ಟ ಬೇರೆ. ಕತೆ ಬೇರೆ, ಕತ್ತೆ ಬೇರೆ. ಸಂಧಿ, ವಿಭಕ್ತಿ ಎಲ್ಲ ಶಾಲೆಯಲ್ಲೇ ಬಾಯಿಪಾಠ ಆಗಿದೆ. ಇಂಗ್ಲಿಷ್ ಅಂತೂ ಜೊತೆಗೆ ಇದ್ದೇ ಇದೆ. ಇಷ್ಟು ಬಂಡವಾಳ ಇಟ್ಟುಕೊಂಡು ನೋಡಿದರೆ ಯುರೋಪಿನ ಭಾಷೆಗಳ ಲೆಕ್ಕ ಬೇರೆಯೇ ಆಗುತ್ತದೆ.

ಅಕ್ಷರ ಒಂದೇ, ಓದು ಬೇರೆ

ಇಂಗ್ಲಿಷಿನ ಜೆ ಅಕ್ಷರವನ್ನು ತೆಗೆದುಕೊಳ್ಳಿ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಯೋಹಾನ ಅಂತ ಒಂದು ಹೆಸರಿದೆಯಲ್ಲ, ಅದು ಹೀಬ್ರೂ ಭಾಷೆಯಿಂದ ಹೊರಟು ಯುರೋಪಿನ ಮನೆಮನೆಗೂ ಹೋಗಿದೆ. ಇಂಗ್ಲಿಷಿನಲ್ಲಿ ಜಾನ್. ಜರ್ಮನ್‌ನಲ್ಲಿ ಯೊಹಾನ್. ಪೋಲಿಷ್‌ನಲ್ಲಿ ಯಾನ್. ಸ್ಪ್ಯಾನಿಷ್‌ನಲ್ಲಿ ಹ್ವಾನ್. ಫ್ರೆಂಚಿನಲ್ಲಿ ಝಾಂ, ಕೊನೆಯದು ಮೂಗಿನಲ್ಲಿ. ಇವರೆಲ್ಲರ ಹೆಸರೂ ಶುರುವಾಗುವುದು ಜೆ ಅಕ್ಷರದಿಂದಲೇ. ಒಂದು ಕಡೆ ಅದು ಜ, ಇನ್ನೊಂದು ಕಡೆ ಯ, ಮತ್ತೊಂದು ಕಡೆ ಗಂಟಲಿನಿಂದ ಬರುವ ಹ. ಇಟಲಿಯವರು ತಮ್ಮ ಮೂಲ ಅಕ್ಷರಮಾಲೆಯಲ್ಲಿ ಜೆಯನ್ನೇ ಇಟ್ಟುಕೊಂಡಿಲ್ಲ. ಅವರ ಜೊವಾನ್ನಿ ಶುರುವಾಗುವುದು ಜಿ ಅಕ್ಷರದಿಂದ.

ತಿರುಗಿಸಿಯೂ ನೋಡಬಹುದು. ನಮ್ಮ ವರ್ಣಮಾಲೆಯ ಞ ನೆನಪಿದೆಯಲ್ಲ? ಕನ್ನಡದಲ್ಲಿ ಅದನ್ನು ಬಳಸುವುದು ತೀರ ಕಡಿಮೆ. ಯುರೋಪಿನಲ್ಲಿ ಅದಕ್ಕೆ ಬಿಡುವೇ ಇಲ್ಲ. ಸ್ಪೇನಿನವರು ಎನ್ ಮೇಲೆ ಒಂದು ಅಲೆ ಗೀಚಿ ಞ ಅನ್ನುತ್ತಾರೆ, ಅವರ ದೇಶದ ಹೆಸರೇ ಎಸ್ಪಾಞ. ಇಟಲಿ ಮತ್ತು ಫ್ರಾನ್ಸಿನವರು ಜಿ-ಎನ್ ಬರೆದು ಞ ಓದುತ್ತಾರೆ, ಲಜ಼ಾಞ ಅನ್ನುವ ಇಟಲಿಯ ತಿನಿಸಿನ ಹೆಸರಿನಲ್ಲಿ ಇರುವ ಹಾಗೆ. ಪೋರ್ಚುಗೀಸರು ಎನ್-ಎಚ್ ಬರೆದು ಅದನ್ನೇ ಓದುತ್ತಾರೆ. ಸದ್ದು ಒಂದು, ಬರೆಯುವ ದಾರಿ ಮೂರು. ಇಂಗ್ಲಿಷಿನವರಿಗೆ ಇದನ್ನು ವಿವರಿಸಲು ಅರ್ಧ ಪುಟ ಬೇಕು. ನಮಗೆ ಒಂದು ಅಕ್ಷರ ಸಾಕು.

ಯಾರಿಗೆ ಯಾರು ನೆಂಟರು

ಇದನ್ನು ಬೇಗ ಮುಗಿಸುತ್ತೇನೆ. ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್, ರೊಮೇನಿಯನ್ ಇವು ಲ್ಯಾಟಿನ್ ಮಕ್ಕಳು. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಜರ್ಮಾನಿಕ್ ಗುಂಪಿನವು. ರಷ್ಯನ್, ಪೋಲಿಷ್, ಚೆಕ್ ಸ್ಲಾವಿಕ್ ಗುಂಪಿನವು. ಈ ಮೂರು ಗುಂಪುಗಳೂ ಹಿಂದೆ ಹೋದರೆ ಸಂಸ್ಕೃತದ ದಾಯಾದಿಗಳು. ಕೋಲ್ಕತ್ತದಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಈ ನೆಂಟಸ್ತಿಕೆಯ ಬಗ್ಗೆ ಮಾತಾಡಿದರು. ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್ ಬೇರೆಯೇ ಕುಟುಂಬ. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯ ಬಾಸ್ಕ್ ಭಾಷೆಗೆ ಬದುಕಿರುವ ನೆಂಟರೇ ಗೊತ್ತಿಲ್ಲ.

ಕನ್ನಡ ಇವುಗಳಲ್ಲಿ ಯಾವುದಕ್ಕೂ ರಕ್ತಸಂಬಂಧಿ ಅಲ್ಲ, ನಮ್ಮದು ದ್ರಾವಿಡ ಕುಟುಂಬ. ಆದರೆ ನಾವು ಸಂಸ್ಕೃತದಿಂದ ತಂದ ಪದಗಳು ಇಲ್ಲಿ ಸೇತುವೆಯಾಗುತ್ತವೆ. ದಂತಕ್ಕೆ ಇಟಾಲಿಯನ್ನಿನಲ್ಲಿ ದೆಂತೆ. ನಾಮಕ್ಕೆ ಜರ್ಮನ್‌ನಲ್ಲಿ ನಾಮೆ. ದ್ವಾರಕ್ಕೆ ರಷ್ಯನ್‌ನಲ್ಲಿ ದ್ವೆರ್. ಪಾದಕ್ಕೆ ಇಂಗ್ಲಿಷಿನಲ್ಲಿ ಫುಟ್, ಜರ್ಮನ್‌ನಲ್ಲಿ ಫೂಸ್. ಪ ಹೋಗಿ ಫ ಆದದ್ದು ಜರ್ಮಾನಿಕ್ ಭಾಷೆಗಳಲ್ಲಿ ಸಾಲುಸಾಲಾಗಿ ಆಗಿದೆ. ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ನಿಯಮವಾಗಿ ಬರೆದರು. ತಮ್ಮನ ಜೊತೆ ಸೇರಿ ಅಜ್ಜಿಕತೆಗಳನ್ನು ಸಂಗ್ರಹಿಸಿದರಲ್ಲ, ಅದೇ ಗ್ರಿಮ್.

ಸ್ಪ್ಯಾನಿಷ್: ಬಾಯಿಗೆ ಹತ್ತಿರ

ಮಾರ್ಕೆಟ್ಟಿನಿಂದ ತಂದ ಟೊಮೇಟೊ ಕೈಯಲ್ಲಿ ಹಿಡಿದುಕೊಂಡು ಶುರು ಮಾಡೋಣ. ಹಣ್ಣು ಮೆಕ್ಸಿಕೊ ಕಡೆಯಿಂದ ಬಂತು, ಹೆಸರೂ ಅಲ್ಲಿನದೇ. ಸ್ಪ್ಯಾನಿಷ್‌ನಲ್ಲಿ ಅದು ತೊಮಾತೆ. ಎರಡೂ ಕಡೆ ತ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ತ. ಫ್ರೆಂಚಿನಲ್ಲೂ ತೊಮಾತ್. ಜರ್ಮನ್‌ನಲ್ಲಿ ಉಸಿರು ಹೊರಗೆ ತಳ್ಳಿ ಟೊಮಾಟೆ. ಇಂಗ್ಲಿಷ್ ಮಾತಾಡುವವರು ಸ್ಪ್ಯಾನಿಷ್ ಕಲಿಯುವಾಗ ಈ ತ ಬರಿಸಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ ಮೊದಲ ದಿನವೇ ಬರುತ್ತದೆ. ಆದರೆ ಒಂದು ಎಚ್ಚರ ಬೇಕು. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ನಾವು ಟ, ಡ ಅನ್ನುತ್ತೇವೆ. ಆ ಅಭ್ಯಾಸ ಬಿಡಬೇಕು.

ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ: ಅ, ಎ, ಇ, ಒ, ಉ. ಬರೆದ ಹಾಗೆ ಓದು. ಒತ್ತು ಎಲ್ಲಿ ಬೀಳಬೇಕು ಅನ್ನುವುದಕ್ಕೂ ನಿಯಮ ಇದೆ. ನಿಯಮ ಮುರಿದ ಕಡೆ ಅಕ್ಷರದ ಮೇಲೆ ಒಂದು ಗೀಟು ಎಳೆಯುತ್ತಾರೆ. ಆ ಗೀಟನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಪಪಾ ಅಂತ ಕೊನೆಗೆ ಒತ್ತು ಕೊಟ್ಟರೆ ಅಪ್ಪ. ಅದೇ ಪದಕ್ಕೆ ಮೊದಲು ಒತ್ತು ಕೊಟ್ಟರೆ ಲ್ಯಾಟಿನ್ ಅಮೆರಿಕದಲ್ಲಿ ಆಲೂಗೆಡ್ಡೆ. ರಾಯಲ್ ಸ್ಪ್ಯಾನಿಷ್ ಅಕಾಡೆಮಿ 1713ರಿಂದ ಇದೆ. ಕಾಗುಣಿತ ಉಚ್ಚಾರಕ್ಕೆ ಹೊಂದುವ ಹಾಗೆ ಆಗಾಗ ತಿದ್ದಿಕೊಂಡು ಬಂದಿದ್ದಾರೆ. ಪ್ರಶ್ನೆ ಕೇಳುವ ವಾಕ್ಯದ ಮೊದಲೇ ತಲೆಕೆಳಗಾದ ಪ್ರಶ್ನೆಚಿಹ್ನೆ ಹಾಕುವ ಪದ್ಧತಿ ತಂದದ್ದೂ ಅವರೇ, 1754ರಲ್ಲಿ.

ಇನ್ನು ಎಚ್ ಅಕ್ಷರ. ಸ್ಪ್ಯಾನಿಷ್‌ನಲ್ಲಿ ಅದನ್ನು ಬರೆಯುತ್ತಾರೆ, ಹೇಳುವುದಿಲ್ಲ. ಯಾಕೆ ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ಫರೀನ, ಕಬ್ಬಿಣಕ್ಕೆ ಫೆರ್ರುಂ. ಇಟಾಲಿಯನ್ನಿನಲ್ಲಿ ಇವತ್ತಿಗೂ ಫರೀನ, ಫೆರ್ರೊ. ಸ್ಪೇನಿನಲ್ಲಿ ಫ ಸವೆದು ಹ ಆಯಿತು, ಆಮೇಲೆ ಆ ಹ ಕೂಡ ಬಿದ್ದುಹೋಗಿ ಅರೀನ, ಯೆರ್ರೊ ಅಂತ ಉಳಿಯಿತು. ಎಚ್ ಬರವಣಿಗೆಯಲ್ಲಿ ಮಾತ್ರ ನಿಂತಿದೆ. ಈಗ ನಮ್ಮ ಮನೆಯ ಹಾಲು ನೋಡಿ. ಹಳಗನ್ನಡದಲ್ಲಿ ಅದು ಪಾಲ್. ಪ ಸವೆದು ಹ ಆಯಿತು, ಹಾಲು ಬಂತು. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಆ ಹ ಕೂಡ ಬಿದ್ದು ಆಲು ಅನ್ನುತ್ತಾರೆ. ಸಾವಿರಾರು ಮೈಲಿ ದೂರದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದೆ, ಎರಡು ಭಾಷೆಗಳು ಒಂದೇ ಮೆಟ್ಟಿಲು ಇಳಿದಿವೆ. "ಆಲು" ಅಂದವರನ್ನು ತಪ್ಪು ಉಚ್ಚಾರ ಅಂತ ಬೈಯುವ ಮೊದಲು, ಸುಮಾರು 50 ಕೋಟಿ ಜನ ದಿನಾ ಹಾಗೇ ಮಾತಾಡುತ್ತಿದ್ದಾರೆ ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು.

ವಾಕ್ಯದಲ್ಲೂ ಹತ್ತಿರ ಇದೆ. "ನಾನು" ಅನ್ನದೆ ಬರೀ "ಬರ್ತೀನಿ" ಅಂದರೆ ಸಾಕು, ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳುತ್ತದೆ. ಸ್ಪ್ಯಾನಿಷ್‌ನಲ್ಲೂ ಹಾಗೇ, ಇಟಾಲಿಯನ್ನಿನಲ್ಲೂ ಹಾಗೇ. "ನನಗೆ ಕಾಫಿ ಇಷ್ಟ" ಅನ್ನುವುದಕ್ಕೆ "ಮೆ ಗುಸ್ತ ಎಲ್ ಕಫೆ". ಮೆ ಅಂದರೆ ನನಗೆ. ಇಂಗ್ಲಿಷಿನವರು "ನಾನು" ಅಂತ ಶುರು ಮಾಡಿ ಇಲ್ಲಿ ತಡವರಿಸುತ್ತಾರೆ. ನಮಗೆ ಅದು ಮನೆಮಾತು. ಸಕ್ಕರೆಗೆ ಅಸೂಕರ್. ಸಂಸ್ಕೃತದ ಶರ್ಕರಾ ಪರ್ಷಿಯನ್, ಅರಬ್ಬಿ ದಾಟಿ ಅಲ್ಲಿಗೆ ಹೋಗಿದೆ. 711ರಿಂದ 1492ರವರೆಗೆ ಸ್ಪೇನಿನಲ್ಲಿ ಅರಬ್ಬಿ ಬಲ್ಲ ಅರಸರು ಇದ್ದರಲ್ಲ, ಅದರ ಗುರುತು ಇದು.

ಕಷ್ಟ ಎಲ್ಲಿ? ಒಂದು ರ, ಎರಡು ರ. ಪೆರೊ ಅಂದರೆ ಆದರೆ, ಪೆರ್ರೊ ಅಂದರೆ ನಾಯಿ. ಎರಡನೆಯದರಲ್ಲಿ ನಾಲಿಗೆ ಗುಡುಗಬೇಕು. ಕ್ರಿಯಾಪದದ ರೂಪಗಳು ರಾಶಿ ರಾಶಿ. ಮತ್ತೆ ಅವರು ಮಾತಾಡುವ ವೇಗ. ಇವಕ್ಕೆಲ್ಲ ಕಿವಿ ಪಳಗಲು ಕಾಲ ಬೇಕು, ಅಷ್ಟೆ.

ಇಟಾಲಿಯನ್

ಬಸ್ಸು, ಕಾರು, ರೋಡು ಅಂತ ಕೊನೆಗೊಂದು ಸ್ವರ ಸೇರಿಸದಿದ್ದರೆ ನಮಗೆ ಸಮಾಧಾನ ಇಲ್ಲ. ಇಟಾಲಿಯನ್ನರಿಗೂ ಹಾಗೇ, ಅವರ ಪದಗಳು ಹೆಚ್ಚುಕಡಿಮೆ ಎಲ್ಲ ಸ್ವರದಲ್ಲೇ ಮುಗಿಯುತ್ತವೆ. ಒತ್ತಕ್ಷರವೂ ಇದೆ. ಪಾಲ ಅಂದರೆ ಸಲಿಕೆ, ಪಲ್ಲ ಅಂದರೆ ಚೆಂಡು. ನಮ್ಮ ಕತೆ, ಕತ್ತೆಯ ಹಾಗೆ. ಫ್ರೆಂಚರಿಗೆ, ಸ್ಪೇನಿನವರಿಗೆ ಈ ಒತ್ತಕ್ಷರ ಕಷ್ಟ. ನಮಗೆ ಸಲೀಸು.

ಕಾಗುಣಿತದಲ್ಲಿ ಎಡವುವುದು ಒಂದೇ ಕಡೆ. ಸಿ-ಐ ಅಂದರೆ ಚಿ, ಸಿ-ಎಚ್-ಐ ಅಂದರೆ ಕಿ. ನಮ್ಮ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಬೆಂಗಳೂರಿನ ಹೋಟೆಲುಗಳಲ್ಲಿ ಎಲ್ಲರೂ ಬ್ರುಶೆಟ್ಟಾ ಅನ್ನುವುದು ಇಟಲಿಯಲ್ಲಿ ಬ್ರುಸ್ಕೆತ್ತ. ಟೊಮೇಟೊಗೆ ಇವರು ಪೊಮೊದೋರೊ, ಅಂದರೆ ಬಂಗಾರದ ಸೇಬು ಅನ್ನುತ್ತಾರೆ. ಯುರೋಪಿನ ಸಂಗೀತದ ಮಾತುಗಳಾದ ಪಿಯಾನೊ, ಸೊಪ್ರಾನೊ, ತೆಂಪೊ ಎಲ್ಲ ಇವರವೇ. ವಿಜಯನಗರವನ್ನು ಸುಮಾರು 1420ರಲ್ಲಿ ಕಣ್ಣಾರೆ ಕಂಡ ನಿಕೊಲೊ ದೆ ಕೊಂತಿ ವೆನಿಸ್ಸಿನ ಕಡೆಯವರು. ಕೆಲಸದ ದೃಷ್ಟಿಯಿಂದ ಉಳಿದವುಗಳಷ್ಟು ಬಾಗಿಲು ತೆರೆಯದಿರಬಹುದು. ಆದರೆ ಕನ್ನಡದ ನಾಲಿಗೆಗೆ ಇದಕ್ಕಿಂತ ಹಿತವಾದ ಉಚ್ಚಾರ ಯುರೋಪಿನಲ್ಲಿ ನನಗೆ ಸಿಕ್ಕಿಲ್ಲ.

ಪೋರ್ಚುಗೀಸ್: ಆಗಲೇ ಮನೆಯೊಳಗೆ

ಮೇಜು, ಚಾವಿ, ಪಾದ್ರಿ, ಇಗರ್ಜಿ, ಅನಾನಸು, ಬಟಾಟೆ, ಪಗಾರ. ಇವೆಲ್ಲ ಪೋರ್ಚುಗೀಸರು ಗೋವಾದಲ್ಲಿ ಕಾಲೂರಿದ 1510ರ ನಂತರ ನಮ್ಮ ಕಡೆಗೆ ಹರಿದು ಬಂದ ಪದಗಳು. ಕರಾವಳಿಯವರಿಗೆ ಇನ್ನೂ ಜಾಸ್ತಿ ಗೊತ್ತಿರುತ್ತವೆ. ಸ್ಪ್ಯಾನಿಷ್‌ನಲ್ಲೂ ಪೋರ್ಚುಗೀಸ್‌ನಲ್ಲೂ ಮೇಜಿಗೆ ಒಂದೇ ಕಾಗುಣಿತ. ಸ್ಪೇನಿನವರು ಅದನ್ನು ಮೇಸ ಅಂತ ಓದುತ್ತಾರೆ, ಪೋರ್ಚುಗೀಸರು ಮೇಜ಼ ಅನ್ನುತ್ತಾರೆ. ನಮ್ಮ ಮೇಜು ಇಬ್ಬರಲ್ಲಿ ಯಾರಿಗೆ ಹತ್ತಿರ ಅನ್ನುವುದನ್ನು ಆ ಒಂದು ಜಕಾರವೇ ಹೇಳಿಬಿಡುತ್ತದೆ. ಚಾವಿಯ ಕತೆ ಇನ್ನೂ ಚೆನ್ನಾಗಿದೆ. ಇವತ್ತು ಲಿಸ್ಬನ್ನಿನಲ್ಲಿ ಬೀಗದ ಕೈಗೆ ಶಾವ್ ಅನ್ನುತ್ತಾರೆ. 16ನೇ ಶತಮಾನದಲ್ಲಿ ಅವರೂ ಚ ಅನ್ನುತ್ತಿದ್ದರು. ಅವರು ಬಿಟ್ಟ ಚಕಾರವನ್ನು ನಾವು ಉಳಿಸಿಕೊಂಡಿದ್ದೇವೆ.

ಕಲಿಯಲು ಹೋದರೆ ಯಾವ ದೇಶದ ಉಚ್ಚಾರ ಅಂತ ಮೊದಲೇ ತೀರ್ಮಾನಿಸಿ. ಪೋರ್ಚುಗಲ್ಲಿನವರು ಸ್ವರಗಳನ್ನು ನುಂಗುತ್ತಾರೆ. ಬ್ರೆಜಿಲ್ಲಿನವರು ಬಾಯಿ ಬಿಟ್ಟು ಹೇಳುತ್ತಾರೆ. ಶುರುವಿಗೆ ಬ್ರೆಜಿಲ್ ಒಳ್ಳೆಯದು. ಸ್ಪ್ಯಾನಿಷ್ ಜೊತೆಗೇ ಇದನ್ನು ಕಲಿಯಬೇಡಿ, ಎರಡೂ ಕಲಸುಮೇಲೋಗರ ಆಗುತ್ತವೆ.

ಫ್ರೆಂಚ್: ಸಂಧಿ ಗೊತ್ತಿದ್ದವರ ಭಾಷೆ

ತಂಗಿ ಮಗಳು ಅಂದು ತೋರಿಸಿದ ಪುಟದಲ್ಲಿ ಎರಡು ಪದ ಇತ್ತು. "ಲೇ" ಒಂದು, "ಅಮಿ" ಒಂದು. ಅಂದರೆ ಗೆಳೆಯರು. ಮೇಡಂ ಓದಿದಾಗ ಅದು ಲೇಜ಼ಾಮಿ ಆಯಿತಂತೆ. "ಈ ಜ಼ ಎಲ್ಲಿಂದ ಬಂತು ದೊಡ್ಡಮ್ಮ?"

"ಮನೆ ಮತ್ತೆ ಅಲ್ಲಿ ಸೇರಿದರೆ ಏನಾಗುತ್ತೆ?" ಅಂದೆ.

"ಮನೆಯಲ್ಲಿ."

"ಆ ಯ ಎಲ್ಲಿಂದ ಬಂತು?"

ಒಂದು ಕ್ಷಣ ಸುಮ್ಮನಿದ್ದು, "ಆಗಮ ಸಂಧಿ!" ಅಂತ ಕಿರುಚಿದಳು. ಎರಡು ಸ್ವರ ಡಿಕ್ಕಿ ಹೊಡೆಯದ ಹಾಗೆ ನಡುವೆ ಒಂದು ವ್ಯಂಜನ ಬರುವುದು. ಪೂರ್ತಿ ಅದೇ ಅಲ್ಲ. ಲೇ ಪದದ ಕೊನೆಯಲ್ಲಿ ಎಸ್ ಅಕ್ಷರ ಇದೆ, ಹಿಂದೆ ಅದನ್ನು ಹೇಳುತ್ತಲೂ ಇದ್ದರು. ಈಗ ಅದು ಮುಂದೆ ಸ್ವರ ಬಂದಾಗ ಮಾತ್ರ ಎದ್ದು ಕೂರುತ್ತದೆ. ಆದರೆ "ಅವನ ಹತ್ತಿರ ಇದೆಯಾ" ಅನ್ನುವ ಆತಿಲ್ ಇದೆಯಲ್ಲ, ಅದರ ನಡುವಿನ ತಕಾರ ನಿಜಕ್ಕೂ ಹೊರಗಿನಿಂದ ಬಂದದ್ದು, ನಮ್ಮ ಯಕಾರದ ಹಾಗೆ. ಲೋಪಸಂಧಿಯೂ ಸಿಗುತ್ತದೆ. ಲ ಮತ್ತು ಅಮಿ ಸೇರಿ ಲಾಮಿ, ಮೊದಲಿನ ಪದದ ಸ್ವರ ಬಿದ್ದುಹೋಯಿತು. ನಮ್ಮ ಊರು, ಅಲ್ಲಿ ಸೇರಿ ಊರಲ್ಲಿ ಆಗುವುದೂ ಹೀಗೇ.

ಕಾಗುಣಿತದ ಬಗ್ಗೆ ಫ್ರೆಂಚಿಗೆ ಕೆಟ್ಟ ಹೆಸರಿದೆ. ಅರ್ಧ ಮಾತ್ರ ನಿಜ. ಓದುವಾಗ ನಿಯಮಗಳು ಗಟ್ಟಿ. ಇ-ಎ-ಯು ಮೂರು ಅಕ್ಷರ ಸೇರಿದರೆ ಓ, ಎ-ಯು-ಎಲ್-ಟಿ ಸೇರಿದರೂ ಓ. ರಸ್ತೆಯಲ್ಲಿ ಓಡಾಡುವ ರೆನೋ ಕಾರಿನ ಹೆಸರಿನಲ್ಲಿ ಇರುವುದು ಅದೇ. ಎರಡು ತಿಂಗಳು ಕೂತರೆ ಹೊಸ ಪದವನ್ನೂ ಸರಿಯಾಗಿ ಓದಬಹುದು. ಇಂಗ್ಲಿಷಿನಲ್ಲಿ ಇಷ್ಟು ಭರವಸೆಯೂ ಇಲ್ಲ. ಕಷ್ಟ ಇರುವುದು ಕೇಳಿ ಬರೆಯುವುದರಲ್ಲಿ. ವೇರ್ ಅಂತ ಕೇಳಿಸಿದರೆ ಅದು ಹುಳ ಆಗಿರಬಹುದು, ಗಾಜು ಆಗಿರಬಹುದು, ಹಸಿರು ಆಗಿರಬಹುದು, ಕಡೆಗೆ ಅನ್ನುವುದೂ ಆಗಿರಬಹುದು. ನಾಲ್ಕಕ್ಕೂ ಕಾಗುಣಿತ ಬೇರೆ. ಇನ್ನೊಂದು ಉಪಾಯ ಹೇಳುತ್ತೇನೆ. ಸ್ವರದ ಮೇಲೆ ಟೋಪಿಯಂಥ ಗುರುತು ಕಂಡರೆ ಅಲ್ಲಿ ಸಾಮಾನ್ಯವಾಗಿ ಒಂದು ಎಸ್ ಕಳೆದುಹೋಗಿರುತ್ತದೆ. ಅದನ್ನು ಸೇರಿಸಿ ಓದಿ. ಒಪಿತಾಲ್ ಅನ್ನುವುದು ಹಾಸ್ಪಿಟಲ್ ಆಗುತ್ತದೆ, ಫೊರೆ ಅನ್ನುವುದು ಫಾರೆಸ್ಟ್ ಆಗುತ್ತದೆ.

ಸದ್ದುಗಳಲ್ಲಿ ಮೂಗಿನ ಸ್ವರಗಳು ಹೊಸವು. ಗಂಟಲಿನ ರ ಹೊಸದು. ತುಟಿ ಊ ಮಾಡಿಕೊಂಡು ಈ ಅನ್ನುವ ಸ್ವರ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಬೇಕಾದದ್ದು. ಎಣಿಸುವುದು ಎಂಬತ್ತರವರೆಗೆ ಬಂದಾಗ ನಾಲ್ಕು ಇಪ್ಪತ್ತು ಅನ್ನುತ್ತಾರೆ, ತೊಂಬತ್ತೊಂಬತ್ತು ಅಂದರೆ ನಾಲ್ಕು ಇಪ್ಪತ್ತು ಹತ್ತು ಒಂಬತ್ತು. ಒಂದು ಸಮಾಧಾನ ಇದೆ. ತು ಮತ್ತು ವು ನಮ್ಮ ನೀನು, ನೀವು ಇದ್ದ ಹಾಗೇ. ಹಲವರಿಗೂ ವು, ಒಬ್ಬರೇ ಹಿರಿಯರಿದ್ದರೂ ವು. ಯಾವಾಗ ಯಾವುದು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ಜರ್ಮನ್: ಕಿಟೆಲ್ ಬಂದ ದಾರಿಯಲ್ಲಿ ಹಿಂದಕ್ಕೆ

ಕನ್ನಡಕ್ಕೆ ಜರ್ಮನ್ನರ ಋಣ ದೊಡ್ಡದು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಜರ್ಮನ್. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ ಜರ್ಮನ್. ನಾನು ಆ ಭಾಷೆ ಕಲಿಯಲು ಹೊರಟದ್ದಕ್ಕೆ ಆ ನಿಘಂಟೂ ಒಂದು ಕಾರಣ. ಅಷ್ಟು ದೂರದಿಂದ ಬಂದು ನಮ್ಮ ಒಂದೊಂದು ಪದವನ್ನೂ ಹೆಕ್ಕಿ ಇಟ್ಟವರ ಮನೆಮಾತು ಹೇಗಿರುತ್ತದೆ ಅಂತ ನೋಡಬೇಕಿತ್ತು.

ಕಾಗುಣಿತ ಶಿಸ್ತಿನದು. ಆದರೆ ಇಂಗ್ಲಿಷ್ ಮರೆತು ಓದಬೇಕು. ವಿ ಅಕ್ಷರ ಫ, ಡಬ್ಲ್ಯೂ ಅಕ್ಷರ ವ, ಝಡ್ ಅಕ್ಷರ ತ್ಸ. ಅಪ್ಪನಿಗೆ ಫಾಟರ್, ನೀರಿಗೆ ವಾಸರ್, ಸಮಯಕ್ಕೆ ತ್ಸೈಟ್. ನಮ್ಮಲ್ಲಿ ವೋಕ್ಸ್‌ವ್ಯಾಗನ್ ಅನ್ನುವ ಕಾರು ಅಲ್ಲಿ ಫೋಲ್ಕ್ಸ್‌ವಾಗೆನ್. ಐ-ಇ ಬಂದರೆ ಈ, ಇ-ಐ ಬಂದರೆ ಐ. ಪದದ ಕೊನೆಯ ಡ, ಗ ಗಟ್ಟಿಯಾಗಿ ಟ, ಕ ಆಗುತ್ತವೆ. ಶೋನ್ ಅಂದರೆ ಆಗಲೇ. ಅದರ ಓಕಾರವನ್ನು ತುಟಿ ದುಂಡಗೆ ಇಟ್ಟುಕೊಂಡು ಏ ಅಂತ ಹೇಳಿದರೆ ಸುಂದರ. ಈ ವ್ಯತ್ಯಾಸ ತೋರಿಸುವುದು ಓ ಮೇಲಿನ ಎರಡು ಚುಕ್ಕಿ.

ವ್ಯಾಕರಣ ಅಂದರೆ ಎಲ್ಲರೂ ಹೆದರಿಸುತ್ತಾರೆ. ನಾಲ್ಕು ವಿಭಕ್ತಿ ಇದೆಯಂತೆ, ಅಬ್ಬಾ ಅಂತ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಏಳನ್ನು ರಾಗವಾಗಿ ಹೇಳಿಕೊಂಡು ಬೆಳೆದವರಿಗೆ ನಾಲ್ಕು ಯಾವ ಲೆಕ್ಕ? ಗೆ ಬರುವ ಕಡೆ ಹೆಚ್ಚಾಗಿ ಅವರ ಚತುರ್ಥಿ ಬರುತ್ತದೆ. "ನನಗೆ ಚಳಿ" ಅನ್ನುವುದಕ್ಕೆ "ಮಿರ್ ಇಸ್ಟ್ ಕಾಲ್ಟ್", ನನಗೆ ಇದೆ ತಣ್ಣಗೆ ಅಂತ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಹಾಗೇ. ಇಂಗ್ಲಿಷಿನವರು ಕೊನೆಯವರೆಗೆ ಕಾಯುವುದೇ ಹಿಂಸೆ ಅನ್ನುತ್ತಾರೆ. ಹುಟ್ಟಿದಾಗಿನಿಂದ ಕ್ರಿಯಾಪದಕ್ಕೆ ಕಾದುಕೊಂಡೇ ಬಂದವರು ನಾವು. ಪದ ಜೋಡಿಸುವ ಅಭ್ಯಾಸವೂ ಒಂದೇ. ಕೈಗವಸಿಗೆ ಅವರು ಹಾಂಟ್‌ಶೂ, ಅಂದರೆ ಕೈಜೋಡು ಅನ್ನುತ್ತಾರೆ. ಆಸ್ಪತ್ರೆಗೆ ಕ್ರಾಂಕೆನ್‌ಹೌಸ್, ರೋಗಿಗಳ ಮನೆ.

ನನಗೆ ನಿಜವಾಗಿ ತೊಡಕಾದದ್ದು ಲಿಂಗ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಕುರ್ಚಿ ನಪುಂಸಕ. ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಸೂರ್ಯ ಹೆಣ್ಣು, ಚಂದ್ರ ಗಂಡು. ಫ್ರೆಂಚಿಗೆ ಹೋದರೆ ಅಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು ಮಾತಾಡುವವರಿಗೆ ಇದು ಹೊಸದಲ್ಲ. ಉಳಿದವರು ಪ್ರತಿ ಪದವನ್ನೂ ಅದರ ಲಿಂಗದ ಗುರುತಿನ ಜೊತೆಗೇ ಕಲಿಯಬೇಕು. ನಾನು ಮೊದಲ ಆರು ತಿಂಗಳು ಹಾಗೆ ಮಾಡಲಿಲ್ಲ. ಆಮೇಲೆ ಎಲ್ಲವನ್ನೂ ಎರಡನೇ ಸಲ ಕಲಿಯಬೇಕಾಯಿತು.

ರಷ್ಯನ್ ಬಗ್ಗೆ ಸ್ವಲ್ಪ

ಲಿಪಿ ನೋಡಿ ಬಿಡಬೇಡಿ. 33 ಅಕ್ಷರ ಅಷ್ಟೆ, ಒಂದು ವಾರದ ಕೆಲಸ. ಕಾಗುಣಿತ ಬರೆದೂ ಬರೆದೂ ಪಳಗಿದ ಕೈ ನಮ್ಮದು. "ನಾನು ವಿದ್ಯಾರ್ಥಿ" ಅನ್ನುವುದಕ್ಕೆ "ಯ ಸ್ತುದೆಂತ್", ನಡುವೆ ಏನೂ ಬೇಡ. "ನನ್ನ ಹತ್ತಿರ ಪುಸ್ತಕ ಇದೆ" ಅನ್ನುವುದನ್ನೂ ಹಾಗೇ ಹೇಳುತ್ತಾರೆ, "ಉ ಮೆನ್ಯಾ ಯೆಸ್ತ್ ಕ್ನೀಗ". ಆರು ವಿಭಕ್ತಿ. ಆದರೆ ಒತ್ತು ಎಲ್ಲಿ ಅಂತ ಬರವಣಿಗೆ ಹೇಳುವುದಿಲ್ಲ. ಜ಼ಾಮಕ್ ಅಂದರೆ ಕೋಟೆಯಂಥ ಅರಮನೆ, ಜ಼ಮೋಕ್ ಅಂದರೆ ಬೀಗ. ಬರೆಯುವುದು ಎರಡೂ ಒಂದೇ ಥರ. ಒತ್ತಿಲ್ಲದ ಓಕಾರ ಅಕಾರದ ಕಡೆಗೆ ಜಾರುತ್ತದೆ, ಹಾಲು ಮೊಲೊಕೊ ಅಂತ ಬರೆದು ಮಲಕೋ ಅಂತ ಓದು. ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗುವ ಮಕ್ಕಳು ಇಲ್ಲಿಂದಲೇ ಲಿಪಿ ಮುಗಿಸಿಕೊಂಡು ಹೊರಟರೆ ಮೊದಲ ಚಳಿಗಾಲ ಹಗುರವಾಗುತ್ತದೆ.

ಯಾರೂ ಹೇಳದ ಫಿನ್ನಿಷ್

ಪಟ್ಟಿಗಳು ಕಷ್ಟ ಅನ್ನುವ ಈ ಭಾಷೆಯ ಒಂದು ಪದ ನೋಡಿ. ತಲೊ ಅಂದರೆ ಮನೆ. ತಲೊಸ್ಸ ಅಂದರೆ ಮನೆಯಲ್ಲಿ. ತಲೊಸ್ತ ಅಂದರೆ ಮನೆಯಿಂದ. ತಲೋನ್ ಅಂದರೆ ಮನೆಯೊಳಕ್ಕೆ. ಪದಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗುವುದು, ಅಷ್ಟೇ. ಒಟ್ಟು 15 ವಿಭಕ್ತಿ ಅಂದಾಗ ಭಯ ಆಗುತ್ತದೆ. ಆದರೆ ಅವುಗಳಲ್ಲಿ ಸುಮಾರು ಇಂಗ್ಲಿಷಿನ ಇನ್, ಫ್ರಂ, ಟು ಮಾಡುವ ಕೆಲಸವನ್ನೇ ಮಾಡುತ್ತವೆ. ವಸ್ತುಗಳಿಗೆ ಗಂಡು ಹೆಣ್ಣು ಇಲ್ಲ. ಹ್ರಸ್ವ ದೀರ್ಘ ಇದೆ, ಒತ್ತಕ್ಷರ ಇದೆ, ಎರಡರಿಂದಲೂ ಅರ್ಥ ಬದಲಾಗುತ್ತದೆ. ಮುತ ಅಂದರೆ ಕೆಸರು, ಮುತ್ತ ಅಂದರೆ ಆದರೆ, ಮೂತ ಅಂದರೆ ಬೇರೆ. ಬರೆದ ಹಾಗೆ ಓದು. ಕನ್ನಡಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ ಅಂತ ಯಾರೂ ಸಾಧಿಸಿಲ್ಲ. ಕಟ್ಟುವ ರೀತಿ ಮಾತ್ರ ಹತ್ತಿರ. ಪದಗಳು ಪೂರ್ತಿ ಅಪರಿಚಿತ, ಇಂಗ್ಲಿಷೂ ಸಂಸ್ಕೃತವೂ ಇಲ್ಲಿ ಕೈ ಹಿಡಿಯುವುದಿಲ್ಲ. ಮಾತಾಡುವವರು ಸುಮಾರು 55 ಲಕ್ಷ ಜನ. ಫಿನ್ಲೆಂಡಿಗೆ ಕೆಲಸಕ್ಕೆ ಹೋದವರು ಇಂಗ್ಲಿಷ್ ಸಾಕು ಅಂತ ಬಿಟ್ಟುಬಿಡುತ್ತಾರೆ. ಅವರಿಗೆ ನಾನು ಹೇಳುವುದು, ದಯವಿಟ್ಟು ಒಂದು ಸಲ ಕೂತು ನೋಡಿ. ನಿಮಗೆ ಅದು ಅಷ್ಟು ದೂರ ಅಲ್ಲ.

ಹಾಗಾದರೆ ಯಾವುದು?

ಕೆಲಸ, ಮೇಲಿನ ಓದು ಅಂತಿದ್ದರೆ ಜರ್ಮನ್. ನರ್ಸಿಂಗ್ ಕೆಲಸಕ್ಕೆ ಅಲ್ಲಿಗೆ ಹೋಗುವವರಿಗೆ ಸಾಮಾನ್ಯವಾಗಿ ಬಿ2 ಹಂತ ಕೇಳುತ್ತಾರೆ. ಯುರೋಪಿನ ಭಾಷೆಗಳಿಗೆಲ್ಲ ಎ1ರಿಂದ ಸಿ2ವರೆಗೆ ಆರು ಹಂತ, ಬಿ2 ಅಂದರೆ ನಾಲ್ಕನೆಯದು. ಅದಕ್ಕೆ ಒಂದು ವರ್ಷವಾದರೂ ಗಟ್ಟಿಯಾಗಿ ಕೂರಬೇಕು. ಬೇಗ ಮಾತಾಡಬೇಕು, ಜಗತ್ತಿನಲ್ಲಿ ತುಂಬ ಜನರ ಜೊತೆ ಮಾತಾಡಬೇಕು ಅನ್ನುವವರಿಗೆ ಸ್ಪ್ಯಾನಿಷ್. ಸುಮಾರು 20 ದೇಶಗಳಲ್ಲಿ ಅದು ಆಡಳಿತ ಭಾಷೆ. ಕೆನಡಾದ ಕೆಬೆಕ್, ಆಫ್ರಿಕಾದ ಹಲವು ದೇಶ, ವಿಶ್ವಸಂಸ್ಥೆ ಇವುಗಳ ಕಡೆ ಕಣ್ಣಿದ್ದರೆ ಫ್ರೆಂಚ್. ಬರೀ ಮಾರ್ಕ್ಸಿಗೆ ಅಂತ ತೆಗೆದುಕೊಂಡರೂ ತಪ್ಪಲ್ಲ, ಆದರೆ ಬಾಯಿಬಿಟ್ಟು ಓದದಿದ್ದರೆ ಎರಡು ವರ್ಷ ಆದ ಮೇಲೆ ಏನೂ ಉಳಿಯುವುದಿಲ್ಲ.

ಬೆಂಗಳೂರಿನಲ್ಲಿ ಜರ್ಮನ್‌ಗೆ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಫ್ರೆಂಚಿಗೆ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಊರಿನಿಂದ ದೂರ ಇರುವವರಿಗೆ ಆನ್‌ಲೈನ್ ಕ್ಲಾಸುಗಳಿವೆ. ಫೀಸು ಕಟ್ಟುವ ಮೊದಲು ಒಂದು ವಾರ ದಿನಕ್ಕೆ ಅರ್ಧ ಗಂಟೆ ಆ ಭಾಷೆಯ ರೇಡಿಯೊ ಕೇಳಿ. ಅರ್ಥ ಆಗಬೇಕಿಲ್ಲ. ಏಳನೇ ದಿನವೂ ಕೇಳಬೇಕು ಅನ್ನಿಸಿದರೆ ಅದೇ ನಿಮ್ಮದು.

ಇನ್ನೊಂದು ಮಾತು. ನೋಟ್‌ಬುಕ್ಕಿನಲ್ಲಿ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ನಾವೆಲ್ಲ ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತೇವೆ, ಆಗ ತ ಹೋಗಿ ಟ ಆಗುತ್ತದೆ, ಒತ್ತಕ್ಷರ ಕಳೆದುಹೋಗುತ್ತದೆ, ಹ್ರಸ್ವ ದೀರ್ಘ ಗೊತ್ತಾಗುವುದಿಲ್ಲ. ಇಲ್ಲದ ಸದ್ದುಗಳಿಗೆ ನಿಮ್ಮದೇ ಗುರುತು ಮಾಡಿಕೊಳ್ಳಿ. ಫ್ರೆಂಚಿನ ಮೂಗಿನ ಸ್ವರಕ್ಕೆ ತಂಗಿ ಮಗಳು ಅಕ್ಷರದ ತಲೆ ಮೇಲೆ ಪುಟ್ಟ ಸೊನ್ನೆ ಹಾಕುತ್ತಾಳೆ. ತುಟಿ ಮುಂದೆ ಮಾಡಿ ಹೇಳುವ ಈಕಾರಕ್ಕೆ ಕೆಳಗೊಂದು ಚುಕ್ಕಿ. ಅವಳ ಪುಸ್ತಕದ ಅಂಚಿನಲ್ಲಿ ಈಗ ಲೇಜ಼ಾಮಿ ಪಕ್ಕ ಸಣ್ಣದಾಗಿ "ಆಗಮ" ಅಂತ ಬರೆದಿದೆ, ಲಾಮಿ ಪಕ್ಕ "ಲೋಪ" ಅಂತ.